ಮಾಜಾಳಿ ದಾಟಿದರೆ ಮಾನ್ಯ, ಈಚೆ ಬಂದರೆ ಅನುಮಾನ

ಕಾರವಾರದಿಂದ ಮಾಜಾಳಿ ದಾಟಿ ಗೋವಾಕ್ಕೆ ಕಾಲಿಟ್ಟರೆ ಮದುವೆಯ ಲೆಕ್ಕಾಚಾರವೇ ಬೇರೆ. ಅಲ್ಲಿ ವಧೂವರರು ಮೊದಲು ಸಿವಿಲ್ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಬೇಕು. ಆಸ್ತಿಯ ಬಗ್ಗೆ ಏನೂ ಬರೆಸದೆ ಮದುವೆಯಾದರೆ ಗಂಡ ಹೆಂಡತಿಯ ಸ್ವತ್ತೆಲ್ಲ ಒಂದಾಗಿ, ಇಬ್ಬರಿಗೂ ಅರ್ಧರ್ಧ ಹಕ್ಕು ಬರುತ್ತದೆ. ಅದು ಬೇಡವೆನ್ನುವವರು ಮದುವೆಗೆ ಮುಂಚೆಯೇ ಅಧಿಕಾರಿಯ ಎದುರು ಕರಾರುಪತ್ರ ಮಾಡಿಸಿಕೊಳ್ಳಬೇಕು. ಅವರವರ ಆಸ್ತಿ ಅವರವರಿಗೆ ಎಂದಾದರೂ ಬರೆಸಬಹುದು, ಮದುವೆಯ ನಂತರ ಗಳಿಸಿದ್ದು ಮಾತ್ರ ಇಬ್ಬರದು ಎಂದಾದರೂ ಬರೆಸಬಹುದು. ಮದುವೆ ಮುಗಿದ ಮೇಲೆ ಅದನ್ನು ತಿದ್ದುವಂತಿಲ್ಲ.

ಇದು ಪೋರ್ಚುಗೀಸರ ಬಳುವಳಿ. ಅವರ 1867ರ ಸಿವಿಲ್ ಸಂಹಿತೆ 1870ರಲ್ಲಿ ಗೋವಾದಲ್ಲಿ ಜಾರಿಗೆ ಬಂತು. 1961ರ ಡಿಸೆಂಬರ್‌ನಲ್ಲಿ ಅವರು ಹೋದರು, ಕಾನೂನು ಉಳಿಯಿತು; 1962ರ ಆಡಳಿತ ಕಾಯ್ದೆ ಅದನ್ನು ಮುಂದುವರಿಸಿತು. ಗೋವಾದ ಕಾಯಂ ನಿವಾಸಿಯ ಆಸ್ತಿ ದೇಶದ ಬೇರೆಲ್ಲೇ ಇರಲಿ, ಉತ್ತರಾಧಿಕಾರಕ್ಕೆ ಅದೇ ಸಂಹಿತೆ ಅನ್ವಯವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅಂದರೆ ಬೆಂಗಳೂರಿನ ಫ್ಲಾಟಿಗೂ ಅದರ ಕೈ ಚಾಚುತ್ತದೆ.

ಗಡಿಯ ಈಚೆ ಬ್ರಿಟಿಷರ 1872ರ ಕರಾರು ಕಾಯ್ದೆ ಬಂತು. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ನಿಲ್ಲದು ಎನ್ನುತ್ತದೆ ಅದರ 23ನೇ ಕಲಂ. 1901ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಂದೆ ಮನೆ ಅಳಿಯನೊಬ್ಬನ ವ್ಯಾಜ್ಯವಿತ್ತು. ಅತ್ತೆಯ ಮನೆಯಲ್ಲೇ ಇರುತ್ತೇನೆ, ಹೆಂಡತಿಯನ್ನು ಬೇರೆಡೆ ಕರೆದೊಯ್ಯುವುದಿಲ್ಲ ಎಂದು ಮದುವೆಗೆ ಮುಂಚೆ ಬರೆದುಕೊಟ್ಟಿದ್ದವನು ಆಮೇಲೆ ಮನಸ್ಸು ಬದಲಿಸಿದ್ದ. ಹೆಂಡತಿ ಗಂಡನ ಜೊತೆಗಿರುವುದು ಹಿಂದೂ ಧರ್ಮಶಾಸ್ತ್ರದ ಕರ್ತವ್ಯ, ಅದನ್ನು ತಪ್ಪಿಸುವ ಕಾಗದಕ್ಕೆ ಬೆಲೆಯಿಲ್ಲ ಎಂದಿತು ನ್ಯಾಯಾಲಯ. ಗಂಡು ಕೊಟ್ಟ ಮಾತನ್ನು ಮುರಿಯಲು ಶಾಸ್ತ್ರ ನೆರವಿಗೆ ಬಂತು ಅನ್ನಿ! 1955ರ ಹಿಂದೂ ವಿವಾಹ ಕಾಯ್ದೆಯೂ ಇಂಥ ಕರಾರಿಗೆ ಜಾಗ ಮಾಡಿಕೊಡಲಿಲ್ಲ. ಮುಸ್ಲಿಮರ ನಿಖಾದಲ್ಲಿ ಮಾತ್ರ ಮೆಹರ್ ಮೊದಲಿನಿಂದಲೂ ಕರಾರಿನ ಭಾಗ.

ಹಾಗಾದರೆ ಮದುವೆ ಗೊತ್ತಾದವರು ಕರಾರು ಮಾಡಿಕೊಳ್ಳಬೇಕೇ? 'ನಂಬಿಕೆ ಇಲ್ಲವೇ' ಎಂಬ ಹಿರಿಯರ ಆಕ್ಷೇಪ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಕಾನೂನು ತಾನಾಗಿ ಏನು ಕೊಡುತ್ತದೆ ಎಂಬುದೇ ಮುಖ್ಯ. ಗೋವಾದಲ್ಲಿ ಕರಾರು ಮಾಡಿಕೊಂಡರೆ ಹೆಂಡತಿಗೆ ತಾನಾಗಿ ಸಿಗುತ್ತಿದ್ದ ಅರ್ಧ ಪಾಲು ತಪ್ಪಬಹುದು. ನಮ್ಮಲ್ಲಿ ಆ ಪಾಲೇ ಇಲ್ಲ. ಇಪ್ಪತ್ತು ವರ್ಷ ಮನೆ ನಡೆಸಿದರೂ ಗಂಡನ ಹೆಸರಿನ ಸೈಟಿನಲ್ಲಿ ಅವಳಿಗೆ ಒಡೆತನ ಬರುವುದಿಲ್ಲ. ವಿಚ್ಛೇದನವಾದರೆ ಜೀವನಾಂಶ, ಅದೂ ನ್ಯಾಯಾಧೀಶರು ನಿಗದಿಪಡಿಸಿದಷ್ಟು. ಕರಾರು ನಿಜಕ್ಕೂ ಬೇಕಿರುವುದು ಇಲ್ಲಿನ ಗೃಹಿಣಿಗೆ, ಅದು ಊರ್ಜಿತವಾಗುವ ಭರವಸೆ ಇಲ್ಲದಿರುವುದೂ ಇಲ್ಲೇ. ಜೀವನಾಂಶವೇ ಬೇಡವೆಂದು ಅವಳಿಂದ ಬರೆಸಿಕೊಂಡ ಕಾಗದವಂತೂ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಆದರೂ ಕಾನೂನೇ ಬರೆಯಲು ಹೇಳುವ ಒಂದು ಕಾಗದವಿದೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮಗಳ ಪ್ರಕಾರ ವಧುವಿಗೆ ಬಂದ ಉಡುಗೊರೆಗಳದ್ದೊಂದು, ವರನಿಗೆ ಬಂದವುಗಳದ್ದೊಂದು ಪಟ್ಟಿ ಇರಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕು ಎಂಬುದನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಛತ್ರದ ಬಾಗಿಲಲ್ಲಿ ಕೂತು ಐನೂರೊಂದು ರೂಪಾಯಿ ಮುಯ್ಯಿಯನ್ನೂ ಬಿಡದೆ ಪುಸ್ತಕಕ್ಕೆ ಏರಿಸುವ ನಮಗೆ ಇದು ಹೊರೆಯಲ್ಲ. ಮದುವೆ ನಿಶ್ಚಯವಾದವರು ಆ ಪಟ್ಟಿಯನ್ನು ತಪ್ಪದೆ ಮಾಡಿ, ಚಿನ್ನದ ರಸೀದಿಗಳನ್ನು ಜೊತೆಗಿಡಿ. ಮುಂದೆ ಮನೆ ಕೊಳ್ಳುವಾಗ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ.