ಬರಿಗಾಲಿನಂಥ ಬೂಟೂ ಬೆಳೆಯುವ ಪಾದವೂ

ಸಂಕ್ರಮಣದ ಹೊತ್ತಿಗೆ ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಜಾತ್ರೆ ನೆರೆಯುತ್ತದೆ. 7 ನಂದಿಧ್ವಜಗಳು 68 ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಅವುಗಳ ಹಿಂದೆ ನಡೆಯುವವರಲ್ಲಿ ಎಷ್ಟೋ ಮಂದಿ ಬರಿಗಾಲಿನವರು. ದಿನವಿಡೀ ನಡೆದು, ಮನೆಗೆ ಬಂದು ಕಾಲು ತೊಳೆದುಕೊಂಡರೆ ಮುಗಿಯಿತು. ಪಾದದ ಶಾಸ್ತ್ರವನ್ನು ಅಲ್ಲಿ ಯಾರೂ ಚರ್ಚಿಸುವುದಿಲ್ಲ. ಆದರೆ ಇದೇ ಬರಿಗಾಲಿನ ನಡಿಗೆಯನ್ನು ಈಗ ಮಾರುಕಟ್ಟೆ ಬೂಟಿನ ರೂಪದಲ್ಲಿ ಮಾರುತ್ತಿದೆ. ತೆಳುವಾದ ಅಟ್ಟೆ, ಹಿಮ್ಮಡಿಗೂ ಮುಂಗಾಲಿಗೂ ಒಂದೇ ಎತ್ತರ, ಬೆರಳುಗಳು ಹರಡಿಕೊಳ್ಳಲು ಅಗಲವಾದ ಮುಂಭಾಗ, ಕೈಯಲ್ಲಿ ಮಡಚಿದರೆ ಮಡಚಿಕೊಳ್ಳುವ ಮೃದುತ್ವ: ಇಷ್ಟೇ ಅದರ ಲಕ್ಷಣ. ಬೆಲೆ ಮಾತ್ರ ಅನೇಕ ವೇಳೆ ಸಾವಿರಗಳಲ್ಲಿ.

ಈ ಲಕ್ಷಣಗಳಲ್ಲಿ ಕೆಲವು ಈ ಸೀಮೆಗೆ ಹೊಸವಲ್ಲ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದಮಾಡಿದ ತೊಗಲಿನ ಕೊಲ್ಹಾಪುರಿ ಚಪ್ಪಲಿಯೂ ಮೆತ್ತೆಯಿಲ್ಲದ, ಬೆರಳನ್ನು ಬಂಧಿಸದ ಪಾದರಕ್ಷೆಯೇ. ಹೆಸರು ಕೊಲ್ಹಾಪುರದ್ದಾದರೂ ಅದಕ್ಕೆ ದೊರೆತಿರುವ ಭೌಗೋಳಿಕ ಸೂಚಕ ಮಾನ್ಯತೆ ಎಂಟು ಜಿಲ್ಲೆಗಳದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಗಡಿಯ ವಿಷಯದಲ್ಲಿ ವಾದಿಸುವ ಎರಡು ರಾಜ್ಯಗಳು ಚಪ್ಪಲಿಯ ವಿಷಯದಲ್ಲಿ ಒಂದೇ ಮಾನ್ಯತೆಯನ್ನು ಹಂಚಿಕೊಂಡಿವೆ. ಹಾಗೆಂದು ಅದನ್ನೂ ಹೊಸ ಬೂಟನ್ನೂ ಒಂದೇ ಎನ್ನಲಾಗದು. ತೊಗಲಿನ ಅಟ್ಟೆ ಬಿರುಸು, ಹಿಮ್ಮಡಿಗೆ ಹಿಡಿತವಿಲ್ಲ. ನಡೆಯಲು ಒಪ್ಪಿದರೂ ಓಡಲು ಒಪ್ಪದು.

ಕನ್ನಡ ಶಾಲೆಗಳ ಪಾಲಕರಿಗೆ ಮುಖ್ಯವಾದ ಪ್ರಶ್ನೆ ಬೇರೆಯದು: ಬೆಳೆಯುವ ಮಕ್ಕಳ ಪಾದಕ್ಕೆ ಯಾವುದು ಹಿತ? ಇದಕ್ಕೆ ಬಹುಮೂಲ್ಯವಾದ ಉತ್ತರವೊಂದು ಕನ್ನಡ ನಾಡಿನಲ್ಲೇ ಸಿದ್ಧವಾಯಿತು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಚಪ್ಪಟೆ ಪಾದ ಕಂಡುಬಂದದ್ದು ಶೇ. 8.6ರಷ್ಟು, ಧರಿಸದ ಮಕ್ಕಳಲ್ಲಿ ಶೇ. 2.8ರಷ್ಟು. ಪಾದರಕ್ಷೆ ಧರಿಸಿದವರಲ್ಲಿಯೂ ಭೇದವಿತ್ತು. ಮುಂಭಾಗ ಮುಚ್ಚಿದ ಬೂಟಿನವರಲ್ಲಿ ಅದು ಹೆಚ್ಚು, ಸ್ಯಾಂಡಲ್ ಹಾಗೂ ಚಪ್ಪಲಿಯವರಲ್ಲಿ ಕಡಿಮೆ. ಚಿಕ್ಕ ವಯಸ್ಸಿನಲ್ಲಿ ಮುಚ್ಚಿದ ಬೂಟು ಧರಿಸುವುದು ಪಾದದ ಕಮಾನು ಸಹಜವಾಗಿ ಮೂಡುವುದಕ್ಕೆ ತೊಡಕಾಗಬಹುದು ಎಂಬುದು ಅದರಿಂದ ಹೊರಟ ಸೂಚನೆ. ಎಳೆಯ ಮಕ್ಕಳ ಪಾದ ಚಪ್ಪಟೆಯಾಗಿರುವುದು ಸಹಜ. ವಯಸ್ಸು ಏರಿದಂತೆ ಕಮಾನು ಮೂಡುತ್ತದೆ. ಬಚ್ಚಲಿನಿಂದ ಬಂದ ಮಗುವಿನ ಒದ್ದೆ ಹೆಜ್ಜೆ ಫರಸಿಯ ಮೇಲೆ ಪೂರ್ತಿ ಮೂಡಿತೆಂದು ತಾಯಿ ಗಾಬರಿಯಾಗಬೇಕಿಲ್ಲ. ನೋವಿದ್ದರೆ ಮಾತ್ರ ವೈದ್ಯರ ಬಳಿ ಹೋಗಬೇಕು.

ಹಾಗಾದರೆ ಮಕ್ಕಳನ್ನು ಬರಿಗಾಲಿನಲ್ಲಿಯೇ ಶಾಲೆಗೆ ಕಳುಹಿಸಬೇಕೆ? ಖಂಡಿತ ಬೇಡ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೊಲ್ಲಾಪುರದ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಡಾಂಬರಿನ ಮೇಲೆ ಅದಕ್ಕಿಂತಲೂ ಹೆಚ್ಚು. ಮಲದಿಂದ ಮಲಿನವಾದ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಚರ್ಮವನ್ನೇ ಭೇದಿಸಿ ದೇಹ ಸೇರುತ್ತವೆ. ಬಡತನದ ಬರಿಗಾಲನ್ನು ಆರೋಗ್ಯದ ಹೆಸರಿನಲ್ಲಿ ಹೊಗಳುವುದು ಹೊಟ್ಟೆ ತುಂಬಿದವರ ಮಾತು. ಮನೆಯೊಳಗೆ, ಸ್ವಚ್ಛವಾದ ಅಂಗಳದಲ್ಲಿ ಮಕ್ಕಳು ಬರಿಗಾಲಿನಲ್ಲಿ ಆಡಲಿ. ಹೊರಗೆ ಪಾದರಕ್ಷೆ ಇರಲಿ, ಆದರೆ ಅದು ಪಾದವನ್ನು ಹಿಸುಕದಿರಲಿ.

ಹಿರಿಯರ ಸಂಗತಿಯಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟವನ್ನು ಬರಿಗಾಲಿನಲ್ಲಿ ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು ಮತ್ತೆ ಗೆದ್ದದ್ದನ್ನು ಮರೆಯುತ್ತಾರೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು ಅನುಭವಿ ಓಟಗಾರರನ್ನು 10 ವಾರ ಪರೀಕ್ಷಿಸಿ 2013ರಲ್ಲಿ ವರದಿ ಮಾಡಿದರು. ದಪ್ಪ ಬೂಟಿನಿಂದ ತೆಳು ಬೂಟಿಗೆ ಬದಲಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಪಾದದ ಮೂಳೆಗಳೊಳಗೆ ಬಾವು ಹೆಚ್ಚಿತ್ತು. ದಶಕಗಳಿಂದ ಮೆತ್ತೆಯ ಮೇಲಿದ್ದ ಪಾದ ಒಮ್ಮೆಲೇ ನೆಲದ ಪೆಟ್ಟನ್ನು ತಾಳದು. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರು. ಸ್ವಾಮಿ ಸಮರ್ಥರ ದರ್ಶನಕ್ಕೆ ಪಾದಯಾತ್ರೆ ಹೊರಡುವವರು ಹಿಂದಿನ ವಾರ ಕೊಂಡ ತೆಳು ಬೂಟನ್ನು ಅಂದೇ ಪ್ರಯೋಗಿಸಬಾರದು. ಮೊದಲು ದಿನಕ್ಕೆ ಹತ್ತು ಹದಿನೈದು ನಿಮಿಷ, ಅದೂ ನಡಿಗೆಗೆ ಮಾತ್ರ. ತಿಂಗಳುಗಳ ಮೇಲೆ ಓಟ. ಹೊಸ ಕಾಲ್ಮರಿ ಕಚ್ಚಿದರೆ ಎಣ್ಣೆ ಹಚ್ಚಿ, ದಿನಕ್ಕಿಷ್ಟು ಎಂದು ಮೆಟ್ಟಿ ಹದಕ್ಕೆ ತರುತ್ತಿದ್ದ ಅಜ್ಜಂದಿರ ತಾಳ್ಮೆಯೇ ಇಲ್ಲಿಯೂ ಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಂತೂ ವೈದ್ಯರನ್ನು ಕೇಳದೆ ಇಂತಹ ಬೂಟಿನ ಗೋಜಿಗೆ ಹೋಗಕೂಡದು. ಮುಳ್ಳು ನಟ್ಟರೂ ಅವರಿಗೆ ತಿಳಿಯುವುದಿಲ್ಲ.

ಜಾಹೀರಾತು ಇದನ್ನೆಲ್ಲ ಹೇಳುವುದಿಲ್ಲ. ಐದು ಬೆರಳಿನ ಬೂಟು ತಯಾರಿಸುವ ವಿಬ್ರಮ್ ಕಂಪನಿಯ ಮೇಲೆ 2012ರಲ್ಲಿ ಅಮೆರಿಕದ ಗ್ರಾಹಕರು ದಾವೆ ಹೂಡಿದರು. ಪಾದದ ಸ್ನಾಯುಗಳನ್ನು ಬಲಪಡಿಸುತ್ತದೆ, ಗಾಯಗಳನ್ನು ತಗ್ಗಿಸುತ್ತದೆ ಎಂಬ ಮಾತಿಗೆ ತಕ್ಕ ಆಧಾರವಿಲ್ಲವೆಂಬುದು ಅವರ ಆಕ್ಷೇಪ. ಕಂಪನಿ ತಪ್ಪೊಪ್ಪಿಕೊಳ್ಳದೆ 2014ರಲ್ಲಿ 37.5 ಲಕ್ಷ ಡಾಲರುಗಳಿಗೆ ರಾಜಿಯಾಯಿತು. ಭಾರತದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಮಾರಿದವನು ಬೇರೆ ಊರಿನಲ್ಲಿದ್ದರೂ ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಆದ್ದರಿಂದ ರಸೀದಿಯೊಂದಿಗೆ ಜಾಹೀರಾತಿನ ಪ್ರತಿಯನ್ನೂ ಕಾಯ್ದಿಡುವುದು ಲೇಸು.

ಜೂನ್ ತಿಂಗಳ ಖರೀದಿಗೆ ಸಾವಿರಗಳ ಬೂಟು ಬೇಕಿಲ್ಲ. ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಅಂಗಡಿಗೆ ಒಯ್ಯಬೇಕು. ಬೂಟನ್ನು ಅದರ ಮೇಲಿಟ್ಟಾಗ ಗೆರೆ ಹೊರಗೆ ಕಂಡರೆ ಆ ಬೂಟು ಇಕ್ಕಟ್ಟು. ಅಟ್ಟೆ ಬೆರಳುಗಳ ಬುಡದಲ್ಲಿ ಸುಲಭವಾಗಿ ಬಾಗಬೇಕು, ಹಿಮ್ಮಡಿ ಎತ್ತರವಿರಬಾರದು. ಬೆಳೆಯುವ ಕಾಲೆಂದು ಎರಡು ಅಳತೆ ದೊಡ್ಡದನ್ನು ಕೊಂಡರೆ ಮಗು ಎಡವುತ್ತದೆ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಸಾಕು. ಸಮವಸ್ತ್ರದಲ್ಲಿ ಮುಚ್ಚಿದ ಕರಿಬೂಟೇ ಏಕೆ, ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಏಕಾಗಬಾರದು ಎಂದು ಪಾಲಕರು ಕೇಳಬಹುದು. ಕೇಳುವ ಜಾಗವೂ ಇದೆ. ಶಿಕ್ಷಣ ಹಕ್ಕು ಕಾಯಿದೆಯ 21ನೆಯ ಕಲಮಿನ ಪ್ರಕಾರ ಸರಕಾರಿ, ಸ್ಥಳೀಯ ಸಂಸ್ಥೆಗಳ ಹಾಗೂ ಅನುದಾನಿತ ಶಾಲೆಗಳ ವ್ಯವಸ್ಥಾಪನ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು.