ಊದಿದ ರೆಪ್ಪೆಯೆಲ್ಲ ಕಣ್ಣ ಕುರುವಲ್ಲ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳ ಕಣ್ಣು ನೋಡುತ್ತಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ನಾನು ಡಾಕ್ಟರಲ್ಲ, ನೇತ್ರ ಸಹಾಯಕ. ಗೋಡೆಗೆ ಅಕ್ಷರದ ಪಟ ತೂಗುಹಾಕಿ ಓದಿಸುವುದು, ಕನ್ನಡಕ ಬೇಕಾದವರ ಪಟ್ಟಿ ಮಾಡುವುದು ನನ್ನ ಕೆಲಸ.

ಹಲವು ವರ್ಷಗಳ ಹಿಂದೆ ಮುದ್ದೇಬಿಹಾಳ ತಾಲ್ಲೂಕಿನ ಒಂದು ಶಾಲೆಯಲ್ಲಿ ಏಳು ವರ್ಷದ ಹುಡುಗನ ಮೇಲಿನ ರೆಪ್ಪೆ ಊದಿತ್ತು. ಕಣ್ಣ ಕುರು ಇರಬೇಕೆಂದು ಬಿಸಿ ಶಾಖ ಕೊಡಲು ಹೇಳಿ, ಮುಂದಿನವನನ್ನು ಕರೆದೆ. ಎರಡು ತಿಂಗಳ ಮೇಲೆ ಹೋದಾಗ ಅವನ ಕಣ್ಣು ಮುಂದಕ್ಕೆ ತಳ್ಳಿಕೊಂಡು ಬಂದಿತ್ತು. ಅದು ಕ್ಯಾನ್ಸರ್ ಎಂದು ದೊಡ್ಡ ಆಸ್ಪತ್ರೆಯಲ್ಲಿ ತಿಳಿಯುವ ಹೊತ್ತಿಗೆ ರೋಗ ಎಲ್ಲ ಕಡೆ ಹರಡಿತ್ತು. ಹುಡುಗ ಉಳಿಯಲಿಲ್ಲ. ಆ ತಪ್ಪು ನನ್ನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆ ರೋಗದ ಹೆಸರು ರ‍್ಯಾಬ್ಡೊಮಯೊಸಾರ್ಕೋಮಾ. ಬಹಳ ಅಪರೂಪದ್ದು. ಮುಂದೆ ಸ್ನಾಯುವಾಗಬೇಕಿದ್ದಂಥ ಎಳೆಯ ಜೀವಕೋಶಗಳು ಕಣ್ಣುಗುಡ್ಡೆಯ ಸುತ್ತಲಿನ ಮೆತ್ತನೆಯ ಅಂಗಾಂಶದಲ್ಲಿ ಹತೋಟಿ ಮೀರಿ ಬೆಳೆದಾಗ ಈ ಗಡ್ಡೆ ಆಗುತ್ತದೆ. ಹೆಚ್ಚಾಗಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಪಾಪೆಯಲ್ಲಿ ಬಿಳಿ ಹೊಳಪು ಕಾಣಿಸುವ ರೆಟಿನೊಬ್ಲಾಸ್ಟೋಮಾ ಬೇರೆ. ಅದು ಕಣ್ಣುಗುಡ್ಡೆಯ ಒಳಗಿನದು.

ಇದನ್ನು ಗುರುತಿಸುವುದು ಕಷ್ಟ. ಕಣ್ಣ ಕುರು ರೆಪ್ಪೆಯ ಅಂಚಿನಲ್ಲಿ ನೋಯುತ್ತದೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಪೆಟ್ಟಿನ ಬಾವು ದಿನದಿನಕ್ಕೆ ಕಡಿಮೆಯಾಗುತ್ತದೆ. ಸೋಂಕಾದರೆ ಜ್ವರ, ನೋವು, ಕೆಂಪು ಇರುತ್ತವೆ, ಅದೂ ತುರ್ತೇ. ಈ ಗಡ್ಡೆ ಮಾತ್ರ ಒಂದೇ ಕಣ್ಣಿನಲ್ಲಿ, ಹೆಚ್ಚಾಗಿ ಜ್ವರವಿಲ್ಲದೆ, ನೋವೂ ಅಷ್ಟಿಲ್ಲದೆ, ವಾರಗಳಲ್ಲೇ ಬೆಳೆಯುತ್ತದೆ. ರೆಪ್ಪೆ ಜೋಲುತ್ತದೆ, ಕಣ್ಣು ಮುಂದಕ್ಕೆ ಬರುತ್ತದೆ, ಕೆಲವೊಮ್ಮೆ ಎದುರಿಗಿದ್ದದ್ದು ಎರಡೆರಡಾಗಿ ಕಾಣುತ್ತದೆ.

ಮುಂದೊಮ್ಮೆ ಇಂಡಿ ತಾಲ್ಲೂಕಿನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಸಿಕ್ಕಳು. ತಂದೆ ತಾಯಿ ನಿಂಬೆ ತೋಟದಲ್ಲಿ ಕೂಲಿ.

“ಚೆಂಡು ಬಡದಿತ್ರಿ ಸರ್, ಇಳೀತದ ಅಂತ ಸುಮ್ನಿದ್ವಿ” ಅಂದಳು ತಾಯಿ.

“ಎಷ್ಟು ದಿನಾ ಆತವ್ವ?”

“ಮೂರು ವಾರ ಆತ್ರಿ.”

ಹುಡುಗಿಯನ್ನು ಕೂರಿಸಿ, ಹಿಂದೆ ನಿಂತು, ತಲೆಯ ಮೇಲಿಂದ ಬಗ್ಗಿ ಎರಡೂ ಕಣ್ಣು ನೋಡಿದೆ. ಎಡಗಣ್ಣು ಮುಂದಿತ್ತು. ಮೊಬೈಲಿನಲ್ಲಿದ್ದ ಜಾತ್ರೆಯ ಫೋಟೋದಲ್ಲಿ ಎರಡೂ ಸಮ ಇದ್ದವು. ಅಂದೇ ವಿಜಯಪುರಕ್ಕೆ ಕಳಿಸಿದೆ. ಸ್ಕ್ಯಾನ್‌ನಲ್ಲಿ ಗಡ್ಡೆ ಕಂಡಿತು. ಆ ವಾರವೇ ಅವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟರು.

ಅಲ್ಲಿಂದ ತಂದೆಯ ಫೋನು: “ತುಣುಕು ತೆಗೀತಾರಂತ್ರಿ. ಕೊಯ್ದ್ರ ಹರಡತದ ಅಂತಾರ ಮಂದಿ. ಕಣ್ಣು ತೆಗೀತಾರೇನ್ರಿ ಸರ್?”

ಈ ಹೆದರಿಕೆಯಿಂದಲೇ ಎಷ್ಟೋ ಜನ ಅರ್ಧಕ್ಕೆ ಊರಿಗೆ ಮರಳುತ್ತಾರೆ. ಸ್ಕ್ಯಾನ್ ಗಡ್ಡೆ ಎಲ್ಲಿದೆ, ಎಷ್ಟಿದೆ ಎಂದು ತೋರಿಸುತ್ತದೆ. ಅದು ಯಾವುದೆಂದು ಖಚಿತವಾಗಿ ಹೇಳುವುದು ಬಯಾಪ್ಸಿ. ತುಣುಕಿಗೆ ವಿಶೇಷ ಬಣ್ಣ ಹಾಕಿ, ಡೆಸ್ಮಿನ್, ಮಯೊಜೆನಿನ್ ಎಂಬ ಸ್ನಾಯುವಿನ ಪ್ರೋಟೀನುಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಸರಿಯಾದ ಔಷಧಿ ಆರಿಸಲು ಇದು ಬೇಕೇ ಬೇಕು. ಹೆದರಿ ಬಿಟ್ಟು ಬಂದರೇ ರೋಗ ಹರಡುವುದು.

1960ರ ದಶಕದವರೆಗೆ ಕಣ್ಣನ್ನು ಸುತ್ತಲಿನ ಭಾಗದ ಸಮೇತ ತೆಗೆಯುತ್ತಿದ್ದರು. ಆದರೂ ಹೆಚ್ಚಿನ ಮಕ್ಕಳು ಬದುಕುತ್ತಿರಲಿಲ್ಲ. ಈಗ ಔಷಧಿ ಮತ್ತು ವಿಕಿರಣ ಚಿಕಿತ್ಸೆಯಿಂದ ಸಾಮಾನ್ಯವಾಗಿ ಕಣ್ಣು ಉಳಿಸುತ್ತಾರೆ. ಗಡ್ಡೆ ಕಣ್ಣಿನ ಗುಳಿಯೊಳಗೇ ಇರುವಾಗ ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ 90ಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಇದನ್ನೇ ಫೋನಿನಲ್ಲಿ ಹೇಳಿದೆ. ಅವರು ಅಲ್ಲೇ ಉಳಿದರು.

ಆ ಹುಡುಗಿಯ ಕೂದಲು ಉದುರಿ ಮತ್ತೆ ಬಂತು. ವಿಕಿರಣದಿಂದ ಪೊರೆ ಬಂದು ಆ ಕಣ್ಣು ಸ್ವಲ್ಪ ಮಂಜು. ಆದರೆ ಶಾಲೆಗೆ ಹೋಗುತ್ತಿದ್ದಾಳೆ.

2013ರಿಂದ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ಬರುತ್ತಿವೆ. ನಿಮ್ಮ ಮಗುವಿನ ಕಣ್ಣಿನಲ್ಲಿ ಬದಲಾವಣೆ ಕಂಡರೆ ಅವರಿಗೆ ತೋರಿಸಿ. ಅವರು ಬರುವುದು ತಡವಾದರೆ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮಕ್ಕಳೇ, ಗೆಳೆಯನ ಒಂದು ಕಣ್ಣು ಊದಿದ್ದರೆ ನಗಬೇಡಿ, ಟೀಚರ್‌ಗೆ ಹೇಳಿ.

ನಾನಂತೂ ಈಗ ಅಕ್ಷರ ಓದಿಸಿದ ಮೇಲೆ ಪ್ರತಿ ಮಗುವಿನ ಹಿಂದೆ ನಿಂತು ಮೇಲಿಂದ ಒಮ್ಮೆ ಬಗ್ಗಿ ನೋಡುತ್ತೇನೆ. ಅದಕ್ಕೆ ಅರ್ಧ ನಿಮಿಷ ಸಾಕು.