ಶೈತ್ಯಕ್ಕೂ ಸಾಯದ ಸೂಕ್ಷ್ಮಾಣು

ಕಪ್ಪತಗುಡ್ಡದ ಸೆರಗಿನಲ್ಲಿರುವ ಡೋಣಿಯಂಥ ಊರಿನಲ್ಲಿ ಆಕಳಿಗೆ ಮಾಡಿಸಿದ ಕೃತಕ ಗರ್ಭಧಾರಣೆ ವಿಫಲವಾದರೆ, ರೈತನು ಮುಂದಿನ ಬೆದೆಗಾಗಿ ಸುಮಾರು 21 ದಿನ ಕಾಯಬೇಕು. ಅಷ್ಟು ದಿನವೂ ಮೇವಿನ ವೆಚ್ಚ ತಪ್ಪದು. ಈ ವೈಫಲ್ಯಕ್ಕೆ ಕಾರಣಗಳು ಹಲವು. ವೀರ್ಯದೊಡನೆ ಸೇರಿಬರುವ ಬ್ಯಾಕ್ಟೀರಿಯಾ ಅವುಗಳಲ್ಲೊಂದು.

ನಮ್ಮ ದೇಶದಲ್ಲಿ ಈ ವಿಧಾನವನ್ನು ಮೊದಲು ಪ್ರಯೋಗಿಸಿದವರು ಸಂಪತ್ ಕುಮಾರನ್; 1939ರಲ್ಲಿ, ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ. ಇಂದು ಹೋರಿಯ ವೀರ್ಯವನ್ನು ಸಣ್ಣ ನಳಿಕೆಗಳಲ್ಲಿ ತುಂಬಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್ಸಿನ ದ್ರವ ಸಾರಜನಕದಲ್ಲಿ ಇಡುತ್ತಾರೆ.

ಇಂಥ ಶೈತ್ಯದಲ್ಲಿ ಬ್ಯಾಕ್ಟೀರಿಯಾ ಸಾಯಲಾರವೇ? ಎಲ್ಲವೂ ಸಾಯುವುದಿಲ್ಲ. ಶೈತ್ಯವು ಅಣುಗಳ ಚಲನೆಯನ್ನು ತಗ್ಗಿಸಿ ಜೀವಕ್ರಿಯೆಯನ್ನು ತಡೆಹಿಡಿಯುತ್ತದೆಯೇ ಹೊರತು ಅಳಿಸಿಹಾಕುವುದಿಲ್ಲ. ವೀರ್ಯಾಣುವಿನ ರಕ್ಷಣೆಗೆಂದು ಬೆರೆಸಿದ ಗ್ಲಿಸರಿನ್ ಮತ್ತು ಮೊಟ್ಟೆಯ ಹಳದಿ ಬ್ಯಾಕ್ಟೀರಿಯಾಗಳನ್ನೂ ರಕ್ಷಿಸುತ್ತವೆ. ಹೆಪ್ಪುಗಟ್ಟಿದ ಮೇಲೆ ಔಷಧವೂ ಕೆಲಸ ಮಾಡಲಾರದು. ಆದುದರಿಂದ ಶುದ್ಧಿಕಾರ್ಯವೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

ಹೋರಿಯ ಮೈ ತೊಳೆದು, ಜನನಾಂಗದ ಬಳಿಯ ರೋಮವನ್ನು ಕತ್ತರಿಸುತ್ತಾರೆ. ಸಂಗ್ರಹಣೆಯ ಉಪಕರಣಗಳನ್ನು ಕ್ರಿಮಿಶುದ್ಧ ಮಾಡುತ್ತಾರೆ. ಬಳಿಕ ಜೀವಿರೋಧಕ ಔಷಧಗಳನ್ನು ಬೆರೆಸುತ್ತಾರೆ. ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್‌ಗಳನ್ನು ಹೀಗೆ ಬಳಸುವ ಪದ್ಧತಿ 1940ರ ದಶಕದಲ್ಲಿ ಮೊದಲಾಯಿತು. ಆದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಈಗ ಹೆಚ್ಚುತ್ತಿವೆ. ಇದಕ್ಕೆ ಭೌತಶಾಸ್ತ್ರವೂ ಒಂದು ದಾರಿಯನ್ನು ತೋರಿದೆ. ಹಾಲಿನಿಂದ ಕೆನೆಯನ್ನು ಬೇರ್ಪಡಿಸುವ ಯಂತ್ರದಂತೆ, ವೀರ್ಯವನ್ನು ಸಾಂದ್ರವಾದ ಕಲಿಲ ದ್ರವದ ಮೇಲಿಟ್ಟು ವೇಗವಾಗಿ ತಿರುಗಿಸಿದರೆ, ಸದೃಢ ವೀರ್ಯಾಣುಗಳು ತಳಕ್ಕಿಳಿಯುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಮೇಲೆಯೇ ಉಳಿಯುತ್ತವೆ.

ಉಪಾಯಗಳು ಎಷ್ಟೇ ಇರಲಿ, ಶೈತ್ಯವು ತನಗೊಪ್ಪಿಸಿದುದನ್ನು ಇದ್ದಂತೆಯೇ ಕಾಯ್ದಿಡುತ್ತದೆ. ಆದುದರಿಂದ ನಾವು ಒಪ್ಪಿಸುವುದು ಶುಚಿಯಾಗಿರಬೇಕು.